ಮನೆಯ ದುರಸ್ತಿಯೂ ಮೇಸ್ತ್ರಿಯ ಲೆಕ್ಕವೂ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ದುರಸ್ತಿ ಮಾಡಿಸಿ ನೋಡು ಎಂದು ಅವರು ಏತಕ್ಕೆ ಹೇಳಲಿಲ್ಲವೋ ಕಾಣೆ. ಕಷ್ಟದಲ್ಲಿ ಅದು ಆ ಎರಡಕ್ಕೂ ಕಡಮೆಯದಲ್ಲ. ಹೊಸ ಮನೆಗಾದರೆ ಒಂದು ನಕ್ಷೆಯಿರುತ್ತದೆ. ಬ್ಯಾಂಕಿನ ಸಾಲ ಬೇಕಾದರೆ ಅಂದಾಜು ಪಟ್ಟಿಯೂ ಸಿದ್ಧವಾಗುತ್ತದೆ. ದುರಸ್ತಿಗೆ ಇವೊಂದೂ ಇರುವುದಿಲ್ಲ. ಅಂಗಳದಲ್ಲಿ ನಿಂತು, ಮೇಲೆ ನೋಡಿ, "ಎಷ್ಟಾಗುತ್ತದಪ್ಪ?" ಎನ್ನುತ್ತೇವೆ. ಮೇಸ್ತ್ರಿಯೂ ಮೇಲೆ ನೋಡಿ ಒಂದು ಮೊತ್ತವನ್ನು ಹೇಳುತ್ತಾನೆ. ಅಲ್ಲಿಂದ ಚೌಕಾಶಿ ಮೊದಲಾಗುತ್ತದೆ. ಯಾವ ಕೆಲಸಕ್ಕೆ ಬೆಲೆ ಕಟ್ಟುತ್ತಿದ್ದೇವೆಂಬುದೇ ಸ್ಪಷ್ಟವಾಗದೆ ನಡೆಯುವ ಈ ಚೌಕಾಶಿಯ ವಿಷಯವಾಗಿ ಕೆಲವು ಮಾತುಗಳನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಪರಿಗಿ, ಹಿಂದೂಪುರದ ಸೀಮೆಯಲ್ಲಿ ಕಲ್ಲುಚಪ್ಪಡಿಯ ಮೇಲೆ ಮಣ್ಣು ಹೊದಿಸಿದ ಹಳೆಯ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ಮಳೆ ಕಡಮೆಯಾದ ನಾಡು ಇದು. ಬರುವ ಮಳೆಯ ಬಹುಭಾಗ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಆಗ ಮಾಳಿಗೆ ಸೋರುತ್ತದೆ, ಎಲ್ಲರೂ ಒಮ್ಮೆಗೇ ಮೇಸ್ತ್ರಿಯನ್ನು ಹುಡುಕಿಕೊಂಡು ಹೊರಡುತ್ತಾರೆ, ದರ ಏರುತ್ತದೆ. ಬೇಸಿಗೆಯಲ್ಲಿ ಮಾಡಿಸೋಣವೆಂದರೆ ನೀರಿನ ಅಭಾವ. ಜಯಮಂಗಲಿ ಪೆನ್ನೆಯನ್ನು ಕೂಡುವ ಸೀಮೆಯೆಂಬ ಹೆಸರಿದ್ದರೂ ನದಿಯ ಪಾತ್ರ ವರ್ಷದ ಬಹುಕಾಲ ಮರಳೇ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಕಾಲ ಈ ಕೆಲಸಕ್ಕೆ ಅನುಕೂಲವೆಂದು ನನ್ನ ಅಭಿಪ್ರಾಯ. ಅವಸರವಿಲ್ಲದವನ ಮಾತಿಗೆ ಬೆಲೆಯ ಮುಂದೆ ತೂಕ ಹೆಚ್ಚು.

ವಿದ್ಯಾರ್ಥಿಗಳೇ, ಈಗ ನಿಮ್ಮ ಲೆಕ್ಕದ ಪುಸ್ತಕಕ್ಕೆ ಬರೋಣ. 12 ಅಡಿ ಅಗಲ, 15 ಅಡಿ ಉದ್ದದ ಒಂದು ಕೊಠಡಿಗೆ ಹಳೆಯ ಮಾಳಿಗೆಯನ್ನು ತೆಗೆದು ಕಾಂಕ್ರೀಟಿನ ತಾರಸಿ ಹಾಕಬೇಕಾಗಿದೆಯೆಂದು ಭಾವಿಸಿ. ವಿಸ್ತೀರ್ಣ 180 ಚದರ ಅಡಿ. ತಾರಸಿಯ ದಪ್ಪ 5 ಅಂಗುಲವಾದರೆ ಕಾಂಕ್ರೀಟು 75 ಘನ ಅಡಿ. 4 ಅಂಗುಲವಾದರೆ 60 ಘನ ಅಡಿ. ಕೆಳಗೆ ನಿಂತು ನೋಡುವವನಿಗೆ ಎರಡೂ ಒಂದೇ ತಾರಸಿ. ಐದರಲ್ಲೊಂದು ಪಾಲು ಮಾತ್ರ ಕಾಣದೆ ಹೋಗಿರುತ್ತದೆ. ಕಬ್ಬಿಣದ ಲೆಕ್ಕ ಇನ್ನೂ ಸೊಗಸಾದದ್ದು. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 10 ಮಿಲಿಮೀಟರಿನ ಸರಳು ನೂರು ಮೀಟರಿಗೆ ಸುಮಾರು 62 ಕಿಲೋ. 8 ಮಿಲಿಮೀಟರಿನದು ಸುಮಾರು 39½ ಕಿಲೋ. ಗೋಡೆಯ ಗಾರೆಯಲ್ಲಿ ಸಿಮೆಂಟು ಒಂದಕ್ಕೆ ಮರಳು ನಾಲ್ಕಾದರೆ ಐದರಲ್ಲೊಂದು ಪಾಲು ಸಿಮೆಂಟು. ಒಂದಕ್ಕೆ ಆರಾದರೆ ಏಳರಲ್ಲೊಂದು ಪಾಲು. ಎರಡೂ ಅವುಗಳ ಸ್ಥಳದಲ್ಲಿ ಸರಿಯೇ. ಆದರೆ ನಾಲ್ಕರ ಬೆಲೆಯನ್ನು ಒಪ್ಪಿಸಿ ಆರನ್ನು ಬಳಸಿದರೆ, ಅಥವಾ ನಾವೇ ಆರಕ್ಕೂ ಸಾಲದಷ್ಟು ಬೆಲೆಯನ್ನು ಇಳಿಸಿ ನಾಲ್ಕನ್ನು ನಿರೀಕ್ಷಿಸಿದರೆ, ಗೋಡೆಗೆ ಆಗುವುದು ಒಂದೇ.

ಈ ಎರಡನೆಯ ಮಾತನ್ನು ಒತ್ತಿ ಹೇಳಬೇಕೆಂದಿದ್ದೇನೆ. ಗುತ್ತೇದಾರರ ಮೋಸವನ್ನು ಕುರಿತು ಆಡಿಕೊಳ್ಳುವುದು ನಮಗೆ ಸುಲಭ. ನಮ್ಮ ಚೌಕಾಶಿಯನ್ನು ಕುರಿತು ಯಾರೂ ಆಡರು. ಮೇಸ್ತ್ರಿಯ ಕೂಲಿಯಾಳುಗಳು ಸಂಜೆಗೆ ಸಂಬಳ ಕೇಳುತ್ತಾರೆ, ಸಿಮೆಂಟಿನ ಅಂಗಡಿಯವನು ಬಾಕಿ ಕೇಳುತ್ತಾನೆ. ಇವರಿಬ್ಬರನ್ನೂ ತಪ್ಪಿಸಲಾರದ ಮೇಸ್ತ್ರಿ, ನಾವು ಹಟ ಹಿಡಿದು ಕಡಿಸಿದ ಹಣವನ್ನು ಎಲ್ಲಿಂದ ಹೊಂದಿಸುತ್ತಾನೆ? ಕಾಣದ ಕಡೆಯಿಂದ. ತಾರಸಿಗೆ ಕನಿಷ್ಠ ಏಳು ದಿನ, ಬೂದಿ ಬೆರೆತ ಸಿಮೆಂಟಾದರೆ ಹತ್ತು ದಿನ ನೀರು ನಿಲ್ಲಿಸಬೇಕಾದ ಕಡೆ ಮೂರೇ ದಿನಕ್ಕೆ ಒಣಗಲು ಬಿಡುತ್ತಾನೆ. ನಾಲ್ಕಾರು ಸಾವಿರ ಉಳಿಸಿದೆವೆಂದು ನಾವು ನೆಂಟರ ಮುಂದೆ ಹೇಳಿಕೊಳ್ಳುತ್ತಿರುತ್ತೇವೆ.

ಹಾಗಾದರೆ ಚೌಕಾಶಿಯೇ ಕೂಡದೆ? ಕೂಡುತ್ತದೆ, ಆದರೆ ಕೆಲಸದ ವಿವರ ಬರೆದ ಮೇಲೆ. ಒಂದೇ ಹಾಳೆಯ ಮೂರು ಪ್ರತಿಗಳನ್ನು ಮೂವರು ಮೇಸ್ತ್ರಿಗಳಿಗೆ ಕೊಟ್ಟು ಬಾಬುವಾರು ದರ ಬರೆಸಿಕೊಳ್ಳಬೇಕು. ಹಳೆಯ ಮಣ್ಣು ತೆಗೆದು ಸಾಗಿಸುವವರು ಯಾರು, ಸೆಂಟ್ರಿಂಗಿನ ಹಲಗೆಯ ಬಾಡಿಗೆ ಯಾರದು, ನೀರಿನ ಟ್ಯಾಂಕರು ಯಾರದು, ದರ ಕೂಲಿಗೆ ಮಾತ್ರವೋ ಸಾಮಾನೂ ಸೇರಿಯೋ, ತೆರಿಗೆ ಸೇರಿದೆಯೋ ಇಲ್ಲವೋ ಎಂಬಿವೆಲ್ಲ ಆ ಹಾಳೆಯಲ್ಲಿರಲಿ. ಆಗ ಎಲ್ಲಕ್ಕಿಂತ ಕಡಮೆಯ ಮೊತ್ತವನ್ನು ಹೇಳಿದವನು ಸೆಂಟ್ರಿಂಗನ್ನು ಸೇರಿಸಿಯೇ ಇಲ್ಲವೆಂಬುದು ತಾನಾಗಿ ಹೊರಬೀಳುತ್ತದೆ. ದರ ಬರೆದ ದಿನಾಂಕವೂ ಇರಲಿ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಮೇಲಿನ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ದರಪಟ್ಟಿಯನ್ನು ಇಂದು ಯಾರಾದರೂ ತೋರಿಸಿದರೆ ಪುನಃ ಲೆಕ್ಕ ಹಾಕೆಂದು ಕೇಳುವುದು ನ್ಯಾಯ.

ಅಳತೆಯನ್ನು ಚದರ ಅಡಿಯಲ್ಲೇ ಬರೆಸಿ. ಅಂಕಣವೆಂಬುದು ಒಂದು ಕಡೆ 36 ಚದರ ಅಡಿ, ಇನ್ನೊಂದು ಕಡೆ 72. ಕರ್ನಾಟಕದಿಂದ ಬಂದ ಮೇಸ್ತ್ರಿ 'ಚದರ'ವೆಂದರೆ ನೂರು ಚದರ ಅಡಿ. ಗೋಡೆಯ ಗಾರೆಯನ್ನು ಅಳೆಯುವಾಗ ಬಾಗಿಲು ಕಿಟಕಿಗಳನ್ನು ಕಳೆಯಬೇಕೇ ಎಂಬ ಜಗಳವಂತೂ ಬೀದಿಗೊಂದು. ಅಳತೆಯ ಭಾರತೀಯ ಮಾನಕದಲ್ಲಿ ಇದಕ್ಕೆ ಕ್ರಮವಿದೆ: 3 ಅಡಿಗೆ 7 ಅಡಿಯ ಸಾಧಾರಣ ಬಾಗಿಲಿಗೆ ಗೋಡೆಯ ಎರಡು ಮುಖಗಳಲ್ಲಿ ಒಂದು ಮುಖಕ್ಕೆ ಮಾತ್ರ ಕಳೆಯುವುದು, ಏಕೆಂದರೆ ಬಾಗಿಲ ಪಕ್ಕದ ಅಂಚುಗಳನ್ನು ಮೆತ್ತುವ ಶ್ರಮವೂ ಇದೆ.

ಇಷ್ಟಾದ ಮೇಲೆ ಎದುರುಬದುರು ಕುಳಿತು ಮಾತನಾಡಿ. "ಇನ್ನೊಬ್ಬನು ಇಷ್ಟಕ್ಕೇ ಒಪ್ಪಿದ್ದಾನೆ" ಎಂದು ಇಲ್ಲದ ಮಾತನ್ನು ಹೇಳುವುದರಿಂದ ಪ್ರಯೋಜನವಿಲ್ಲ. ಒಂದೇ ಊರಿನ ಮೇಸ್ತ್ರಿಗಳು ಸಂಜೆ ಒಂದೇ ಹೋಟೆಲಿನಲ್ಲಿ ಕೂರುವವರು. "ಈ ಬಾಬು ಏಕೆ ಹೆಚ್ಚು? ಸಾಮಾನನ್ನು ನಾವೇ ತಂದರೆ ಎಷ್ಟು ಇಳಿಯುತ್ತದೆ? ಬಣ್ಣವನ್ನು ಮುಂದಿನ ವರ್ಷಕ್ಕೆ ಬಿಟ್ಟರೆ?" ಎಂದು ಕೇಳಿರಿ. ಕೆಲಸವನ್ನು ಕಡಮೆ ಮಾಡಿ ಹಣವನ್ನು ಉಳಿಸಬಹುದು. ಕೆಲಸ ಅಷ್ಟೇ ಇರಲೆಂದು ಹಣವನ್ನು ಮಾತ್ರ ಕತ್ತರಿಸುವುದು ಅಪಾಯ.

ನೆರೆಯ ಲೇಪಾಕ್ಷಿಯ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಅಚ್ಯುತರಾಯನ ಕೋಶಾಧಿಕಾರಿಯಾಗಿದ್ದ ವಿರೂಪಣ್ಣನು ಅರಸನ ಅಪ್ಪಣೆಯಿಲ್ಲದೆ ಬೊಕ್ಕಸದ ಹಣವನ್ನು ಗುಡಿಗೆ ವೆಚ್ಚ ಮಾಡಿದನೆಂದೂ, ಶಿಕ್ಷೆಗೆ ಮುಂಚೆ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದೂ ಜನ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಕಲ್ಯಾಣಮಂಟಪ ಅರ್ಧಕ್ಕೆ ನಿಂತಿರುವುದಂತೂ ಕಣ್ಣಿಗೆ ಕಾಣುತ್ತದೆ. ದುರಸ್ತಿಯ ನಡುವೆ ನಾವೂ "ಹೇಗೂ ಬಂದಿದ್ದೀಯೆ, ಆ ಜಗಲಿಯನ್ನೂ ಸರಿಮಾಡು" ಎನ್ನುತ್ತೇವೆ. ಬೆಲೆಯ ಮಾತು ಆಡುವುದಿಲ್ಲ. ಪುಕ್ಕಟೆಯೆಂದು ಒಪ್ಪದೆ ಮಾಡಿದ ಕೆಲಸದ ಪ್ರಯೋಜನವನ್ನು ಪಡೆದವನು ಪರಿಹಾರ ಕೊಡಬೇಕೆಂದು 1872ರ ಕರಾರು ಕಾಯಿದೆಯ 70ನೆಯ ಕಲಮು ಹೇಳುತ್ತದೆ. ಮೇಸ್ತ್ರಿ ಕೊನೆಯಲ್ಲಿ ಕೇಳಿದರೆ ಅವನನ್ನು ಬೈಯುವಂತಿಲ್ಲ. ಹೆಚ್ಚಿನ ಕೆಲಸವಾದರೆ, ಮೊದಲು ಅದರ ದರವನ್ನು ಅದೇ ಹಾಳೆಯ ಬೆನ್ನಿಗೆ ಬರೆದು ಇಬ್ಬರೂ ಸಹಿ ಮಾಡುವುದು.

ಹಾಳೆಯ ಭಾಷೆಯ ವಿಷಯ ಒಂದು ಮಾತು. ನಮ್ಮ ಮನೆಯ ಮಾತು ಕನ್ನಡ, ಮೇಸ್ತ್ರಿಯ ಓದು ಅನೇಕ ವೇಳೆ ತೆಲುಗು. ಆಡುವಾಗ ಇಬ್ಬರಿಗೂ ಎರಡೂ ಬರುತ್ತದೆ. ಸಹಿ ಮಾಡುವಾಗ ಒಬ್ಬನು ಓದದೆ ಸಹಿ ಮಾಡುತ್ತಾನೆ. ಎರಡು ಲಿಪಿಗಳನ್ನೂ ಬಲ್ಲ ಮಕ್ಕಳು ಈ ಶಾಲೆಯಲ್ಲಿದ್ದಾರೆ. ಎರಡು ಕಲಮುಗಳಲ್ಲಿ ಅವರಿಂದಲೇ ಬರೆಸಿ. ಗುಣಾಕಾರವನ್ನೂ ಅವರೇ ತಾಳೆ ನೋಡಲಿ.

ಕೆಲಸ ಕೆಟ್ಟರೆ ದಾರಿಯಿಲ್ಲವೆಂದು ತಿಳಿಯಬೇಡಿ. ಮನೆ ಕಟ್ಟಿಕೊಡುವುದೂ ಒಂದು ಸೇವೆಯೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿಯೂ ಮೊದಲು ಕೇಳುವುದು ಆ ಹಾಳೆಯನ್ನೇ.

ಹಣವನ್ನು ವಾರಕ್ಕಿಷ್ಟೆಂದು ಕೊಡದೆ ಕೆಲಸದ ಹಂತಕ್ಕೆ ಇಷ್ಟೆಂದು ಕೊಡುವುದು ಮೇಲು: ಸೆಂಟ್ರಿಂಗ್ ನಿಂತ ಮೇಲೆ, ಕಬ್ಬಿಣ ಕಟ್ಟಿ ತೋರಿಸಿದ ಮೇಲೆ, ಕಾಂಕ್ರೀಟು ಬಿದ್ದ ಮೇಲೆ. ನೂರಕ್ಕೆ ಐದರಷ್ಟನ್ನು ಮೊದಲ ದೊಡ್ಡ ಮಳೆಯವರೆಗೆ ಉಳಿಸಿಕೊಳ್ಳುತ್ತೇವೆಂದು ಮುಂಚಿತವಾಗಿಯೇ ಬರೆದಿರಬೇಕು. ಮಳೆ ಬಿದ್ದು ತಾರಸಿ ಸೋರದಿದ್ದರೆ ಮೇಸ್ತ್ರಿ ಬಂದು ಕೇಳುವವರೆಗೆ ಕಾಯದೆ, ಮರುದಿನವೇ ಕರೆದು ಆ ಹಣವನ್ನು ಅವನ ಕೈಗೆ ಕೊಡತಕ್ಕದ್ದು.