ಆರು ಪೆನ್ನಿಯ ಬ್ಯಾಂಕು



ನಿಮ್ಮಲ್ಲಿ ಹಲವರ ಮನೆಯ ಟ್ರಂಕಿನಲ್ಲಿ, ಸಾತ್‌ಬಾರಾ ಉತಾರ, ರೇಷನ್ ಕಾರ್ಡುಗಳ ಜೊತೆಗೆ ಒಂದು ಪಾಸ್‌ಬುಕ್ಕು ಇರಬಹುದು. ಬ್ಯಾಂಕಿನದೋ, ಪೋಸ್ಟಾಫೀಸಿನದೋ. ಅದರಲ್ಲಿ ಇನ್ನೂರು ರೂಪಾಯಿ ಇದ್ದರೂ ಅದು ನಮ್ಮದು, ಕೇಳಿದಾಗ ಕೊಡುತ್ತಾರೆ, ಮೇಲೆ ಬಡ್ಡಿಯೂ ಸೇರುತ್ತದೆ. ಇದು ಇಂದು ನಮಗೆ ಸಹಜವಾಗಿ ಕಾಣುತ್ತದೆ. ಆದರೆ ಬಡವನ ಚಿಲ್ಲರೆ ಹಣವನ್ನು ಬ್ಯಾಂಕು ತೆಗೆದುಕೊಳ್ಳಬೇಕು ಎಂಬ ಮಾತು ಒಂದು ಕಾಲಕ್ಕೆ ಹೊಸದಾಗಿತ್ತು. ಅದನ್ನು ಮಾಡಿ ತೋರಿಸಿದ್ದು ಸ್ಕಾಟ್ಲೆಂಡಿನ ಒಂದು ಸಣ್ಣ ಹಳ್ಳಿ. ಆ ಹಳ್ಳಿಯ ಹೆಸರು ರತ್‌ವೆಲ್. ಇಂದು ಅದರ ವಿಷಯ ನಾಲ್ಕು ಮಾತು ಹೇಳುತ್ತೇನೆ.

ನಾನು ಮ್ಯಾಟ್ರಿಕ್‌ವರೆಗೆ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಸ್ಕಾಟ್ಲೆಂಡಿಗೆ ಹೋದವನಲ್ಲ. ಈ ಊರಿನ ಹೆಸರನ್ನು ಮೊದಲು ಕೇಳಿದ್ದು ಬ್ಯಾಂಕಿನ ತರಬೇತಿ ತರಗತಿಯಲ್ಲಿ. ಅಂದು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತೆ. ನಿವೃತ್ತಿಯ ನಂತರ ಬಿಡುವಾಗಿ ಓದಿದಾಗ ಅದರ ಬೆಲೆ ತಿಳಿಯಿತು.

ರತ್‌ವೆಲ್ ಕೂಡ ನಮ್ಮ ಹಾಗೆ ಗಡಿನಾಡಿನ ಊರು. ಸ್ಕಾಟ್ಲೆಂಡಿನ ದಕ್ಷಿಣದ ಅಂಚಿನಲ್ಲಿ ಸಾಲ್ವೇ ಎಂಬ ಕೊಲ್ಲಿ ಇದೆ. ಕೊಲ್ಲಿಯ ಈಚೆ ದಡ ಸ್ಕಾಟ್ಲೆಂಡು, ಆಚೆ ದಡ ಇಂಗ್ಲೆಂಡು. ಹತ್ತಿರದ ಪಟ್ಟಣ ಡಮ್‌ಫ್ರೀಸ್. ಕವಿ ರಾಬರ್ಟ್ ಬರ್ನ್ಸ್ 1796ರಲ್ಲಿ ತೀರಿಕೊಂಡದ್ದು ಅದೇ ಪಟ್ಟಣದಲ್ಲಿ. ಅಲ್ಲಿಂದ ಸುಮಾರು ಹತ್ತು ಮೈಲಿ ದೂರದಲ್ಲಿ ರತ್‌ವೆಲ್.

ಈ ಊರಿನ ಚರ್ಚಿಗೆ 1799ರಲ್ಲಿ ಹೆನ್ರಿ ಡಂಕನ್ ಎಂಬ ತರುಣ ಪಾದ್ರಿ ಬಂದರು. ಅವರು ಹುಟ್ಟಿದ್ದು 1774ರಲ್ಲಿ. ತಂದೆಯೂ ಪಾದ್ರಿ. ಆದರೆ ಡಂಕನ್ ಅವರು ಮೊದಲು ಹಿಡಿದ ಕೆಲಸ ಯಾವುದು ಗೊತ್ತೇ? ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ಒಂದು ಬ್ಯಾಂಕಿನಲ್ಲಿ ಗುಮಾಸ್ತಿಕೆ! ಮೂರು ವರ್ಷ ಲೆಕ್ಕ ಬರೆದು, ಮನಸ್ಸು ನಿಲ್ಲದೆ, ಬಿಟ್ಟು ಬಂದು ಧರ್ಮಶಾಸ್ತ್ರ ಓದಿದರು. ಕೆಲಸ ಬಿಟ್ಟರೂ ಕಲಿತ ಲೆಕ್ಕ ಕೈಬಿಡಲಿಲ್ಲ.

ಅವರು ಬಂದ ಹೊಸದರಲ್ಲೇ ಬೆಳೆ ಕೆಟ್ಟು ಕಾಳು ತುಟ್ಟಿಯಾಯಿತು. ಡಂಕನ್ ಅವರು ಲಿವರ್‌ಪೂಲಿನಲ್ಲಿದ್ದ ಅಣ್ಣತಮ್ಮಂದಿರ ಮೂಲಕ ಗೋವಿನಜೋಳ ತರಿಸಿ, ಲಾಭ ಇಟ್ಟುಕೊಳ್ಳದೆ ಜನರಿಗೆ ಕೊಟ್ಟರು. ಆಗ ಅವರಿಗೆ ಒಂದು ಸಂಗತಿ ತಿಳಿಯಿತು. ಬಡವನಿಗೆ ಬರಗಾಲದಲ್ಲಿ ಕೈ ಹಿಡಿಯುವವರು ಬೇಕು, ನಿಜ. ಆದರೆ ಸುಗ್ಗಿಯಲ್ಲಿ ಕೈಗೆ ಬಂದ ಹಣವನ್ನು ಇಟ್ಟುಕೊಳ್ಳುವ ಜಾಗವೂ ಬೇಕು. ಆ ಜಾಗ ಇರಲಿಲ್ಲ. ದೊಡ್ಡ ಬ್ಯಾಂಕಿನಲ್ಲಿ ಖಾತೆ ತೆಗೆಯಲು ಹತ್ತು ಪೌಂಡು ಬೇಕಾಗಿತ್ತು.

ಹತ್ತು ಪೌಂಡು ಎಂದರೆ ಎಷ್ಟು? ನಮ್ಮ ಹಿರಿಯರ ಕಾಲದ ಆಣೆ, ಪೈಗಳಂತೆ ಅವರಲ್ಲಿ ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ಕೂಲಿಯವನು ಒಮ್ಮೆಗೆ ಆರು ಪೆನ್ನಿ ಉಳಿಸಿದರೆ, ಅಂಥ ನಾನೂರು ಉಳಿತಾಯ ಸೇರಿದ ಮೇಲೆ ಹತ್ತು ಪೌಂಡು. ಅಲ್ಲಿಯವರೆಗೆ ಆ ದುಡ್ಡು ಎಲ್ಲಿರಬೇಕು? ಹಾಸಿಗೆಯ ಕೆಳಗೆ, ಇಲ್ಲವೆ ಗಡಂಗಿನಲ್ಲಿ.

1810ರ ಮೇ ತಿಂಗಳಲ್ಲಿ ಡಂಕನ್ ಅವರು ರತ್‌ವೆಲ್‌ನ ಒಂದು ಸಣ್ಣ ಮನೆಯಲ್ಲಿ ಉಳಿತಾಯದ ಬ್ಯಾಂಕು ತೆರೆದರು. ಆರು ಪೆನ್ನಿ ತಂದರೂ ಖಾತೆ. ಹಳ್ಳಿಯಲ್ಲಿ ಕೂಡಿದ ಹಣವನ್ನು ಡಮ್‌ಫ್ರೀಸಿನ ದೊಡ್ಡ ಬ್ಯಾಂಕಿನಲ್ಲಿ ಇಡುವುದು. ಅಲ್ಲಿ ಬರುವ ಬಡ್ಡಿ ನೂರಕ್ಕೆ ಐದು. ಖಾತೆದಾರರಿಗೆ ಕೊಡುವುದು ನೂರಕ್ಕೆ ನಾಲ್ಕು. ನಡುವೆ ಉಳಿದದ್ದು ಬ್ಯಾಂಕಿನ ಖರ್ಚಿಗೆ. ಇಷ್ಟೇ ಅದರ ಗುಟ್ಟು. ಇದಕ್ಕೆ ಮೊದಲು ಇಂಗ್ಲೆಂಡಿನಲ್ಲೂ ಕೆಲವರು ಬಡವರ ಉಳಿತಾಯಕ್ಕೆ ಏರ್ಪಾಡು ಮಾಡಿದ್ದರು. ಆದರೆ ಅವು ಸಿರಿವಂತರ ದಾನದ ಮೇಲೆ ನಡೆಯುತ್ತಿದ್ದವು. ರತ್‌ವೆಲ್ ಬ್ಯಾಂಕು ಬಡವರ ದುಡ್ಡಿನ ಮೇಲೆಯೇ ನಡೆಯಿತು. ಇಟ್ಟವನು ಯಾರ ಹಂಗಿನಲ್ಲೂ ಇರಲಿಲ್ಲ.

ದುಡ್ಡಿನ ಪೆಟ್ಟಿಗೆಗೆ ಒಂದೇ ಬೀಗವಿರಲಿಲ್ಲ. ಬೇರೆ ಬೇರೆಯವರ ಕೈಯಲ್ಲಿ ಬೇರೆ ಬೇರೆ ಕೀಲಿ. ಎಲ್ಲರೂ ಸೇರಿದರೆ ಮಾತ್ರ ತೆರೆಯುವುದು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಶಾಖೆಯ ತಿಜೋರಿಗೂ ಎರಡು ಕೀಲಿ ಇದ್ದವು, ಒಂದು ಕ್ಯಾಶಿಯರ್ ಹತ್ತಿರ, ಇನ್ನೊಂದು ಮ್ಯಾನೇಜರ್ ಹತ್ತಿರ. ಒಬ್ಬರ ಬಸ್ಸು ತಪ್ಪಿದರೆ ಜನರೆಲ್ಲ ಕಟ್ಟೆಯ ಮೇಲೆ ಕಾಯಬೇಕಾಗುತ್ತಿತ್ತು. ಜನ ನಮ್ಮನ್ನು ಬಯ್ಯುತ್ತಿದ್ದರು. ಆದರೆ ಆ ಎರಡನೆಯ ಕೀಲಿ ಇದ್ದುದರಿಂದಲೇ ಅವರ ಹಣ ಅವರದಾಗಿ ಉಳಿದಿತ್ತು.

ಡಂಕನ್ ಅವರದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಖಾತೆ ತೆಗೆಯುವ ಮೊದಲು ಅವರ ಬ್ಯಾಂಕು ಮನುಷ್ಯನ ವಯಸ್ಸು, ಮನೆಯ ಸ್ಥಿತಿ, ನಡತೆ ಎಲ್ಲ ವಿಚಾರಿಸುತ್ತಿತ್ತು. ದುಡ್ಡು ಇಡಲು ಬಂದವನಿಗೆ ನಡತೆಯ ಪರೀಕ್ಷೆ ಏಕೆ ಎಂದು ಇಂದು ನಾವು ಕೇಳಬಹುದು. ಆದರೂ ಜನ ಬಂದರು. ಮೊದಲ ವರ್ಷ ಸೇರಿದ್ದು 151 ಪೌಂಡು. ನಾಲ್ಕನೆಯ ವರ್ಷ 922 ಪೌಂಡು. ಒಂದು ಸಣ್ಣ ಹಳ್ಳಿಯ ಕೂಲಿಕಾರರು, ಮನೆಗೆಲಸದವರು ಕೂಡಿಟ್ಟ ಹಣ ಅದು. ಸುದ್ದಿ ಹಬ್ಬಿತು. ಬೇರೆ ಊರುಗಳಲ್ಲಿಯೂ ಇಂಥ ಬ್ಯಾಂಕುಗಳು ಎದ್ದವು. ಇವಕ್ಕೆ ಕಾನೂನಿನ ರಕ್ಷಣೆ ಬೇಕೆಂದು ಡಂಕನ್ ಅವರು ಲಂಡನ್ನಿನವರೆಗೆ ಹೋಗಿ ಓಡಾಡಿದರು. 1819ರಲ್ಲಿ ಸ್ಕಾಟ್ಲೆಂಡಿನ ಉಳಿತಾಯ ಬ್ಯಾಂಕುಗಳಿಗೆಂದು ಕಾಯಿದೆ ಆಯಿತು. ಮುಂದೆ 1861ರಲ್ಲಿ ಬ್ರಿಟನ್ನಿನ ಪೋಸ್ಟಾಫೀಸುಗಳಲ್ಲಿ ಉಳಿತಾಯ ಖಾತೆ ಬಂತು. 1882ರಲ್ಲಿ ಅದು ನಮ್ಮ ದೇಶದ ಪೋಸ್ಟಾಫೀಸಿಗೂ ಬಂತು. ನಿಮ್ಮ ಟ್ರಂಕಿನಲ್ಲಿರುವ ಪಾಸ್‌ಬುಕ್ಕು ಆ ಆರು ಪೆನ್ನಿಯ ದೂರದ ಬಳಗ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. 1986ರ ಮಾತು. ಅಂದು ಸಂತೆಯ ದಿನ. ಮುಚ್ಚುವ ಹೊತ್ತಿಗೆ ಒಬ್ಬ ಮುದುಕಿ ಕೌಂಟರಿನ ಮುಂದೆ ಬಂದು ಸೆರಗಿನ ಗಂಟು ಬಿಚ್ಚಿದಳು. ಎಲ್ಲ ಚಿಲ್ಲರೆ. "ಯಪ್ಪಾ, ಇದನ್ನ ಇಟಗೊಳ್ರಿ, ಮನ್ಯಾಗ ಇಟ್ರ ಉಳಿಯಂಗಿಲ್ಲ" ಎಂದಳು. "ಆಯಿ, ನಿಮ್ಮ ಗುರ್ತು ಹೇಳೋರು ಯಾರರೆ ಬೇಕು, ಫಾರ್ಮ್ ತುಂಬಬೇಕು, ನಾಳೆ ಬರ್ರಿ" ಎಂದೆ. ಫಾರ್ಮು ಇದ್ದದ್ದು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಆಕೆಗೆ ಬರುತ್ತಿದ್ದುದು ಕನ್ನಡವೊಂದೇ, ಅದೂ ಮಾತಾಡಲು ಮಾತ್ರ. ನಾನೇ ತುಂಬಿಕೊಡಬಹುದಿತ್ತು. ಆಕೆಯ ಊರವರೇ ಇಬ್ಬರು ಸಾಲಿನಲ್ಲಿ ನಿಂತಿದ್ದರು, ಒಂದು ಸಹಿ ಕೇಳಿದ್ದರೆ ಆಗುತ್ತಿತ್ತು. ಚಿಲ್ಲರೆ ಎಣಿಸುವ ಬೇಸರಕ್ಕೆ ನಾಳೆ ಎಂದೆ. ಆಕೆ ಗಂಟು ಕಟ್ಟಿಕೊಂಡು ಹೋದಳು. ಮತ್ತೆ ಬರಲಿಲ್ಲ. ನಿಯಮ ನನ್ನ ಕಡೆಗಿತ್ತು. ಆದರೆ ನಿಯಮದ ಮರೆಯಲ್ಲಿ ನಿಂತವನು ನಾನೇ.

ಇನ್ನು ರತ್‌ವೆಲ್‌ನ ಇನ್ನೊಂದು ಸಂಗತಿ. ಆ ಚರ್ಚಿನಲ್ಲಿ ಹದಿನೆಂಟು ಅಡಿ ಎತ್ತರದ ಕಲ್ಲಿನ ಶಿಲುಬೆ ಇತ್ತು. ಎಂಟನೆಯ ಶತಮಾನದ್ದು. ಮೈಮೇಲೆ ಕ್ರಿಸ್ತನ ಕಥೆಯ ಕೆತ್ತನೆ, ಬಳ್ಳಿ, ಹಕ್ಕಿ, ಜೊತೆಗೆ ಬರಹ. ಮೂರ್ತಿಗಳು ಬೇಡವೆಂಬ ಕಾಲ ಬಂದಾಗ, 1642ರಲ್ಲಿ, ಚರ್ಚಿನ ಮಹಾಸಭೆಯ ಆಜ್ಞೆಯಂತೆ ಅದನ್ನು ಕೆಡವಿ ತುಂಡು ಮಾಡಿದರು. ತುಂಡುಗಳು ಚರ್ಚಿನ ನೆಲದಲ್ಲಿ, ಆಮೇಲೆ ಹೊರಗೆ ಸ್ಮಶಾನದಲ್ಲಿ ಮಳೆ ಬಿಸಿಲಿಗೆ ಬಿದ್ದಿದ್ದವು. ಡಂಕನ್ ಅವರು ಒಂದೊಂದನ್ನೇ ಕೂಡಿಸಿದರು. ಒಮ್ಮೆ ಒಬ್ಬ ಬಡ ಗಂಡ ಹೆಂಡತಿ ಒಂದೆರಡು ದಿನದ ಅಂತರದಲ್ಲಿ ತೀರಿಕೊಂಡರು. ಇಬ್ಬರಿಗೂ ಒಂದೇ ಕುಣಿ ಎಂದು ಎಂದಿಗಿಂತ ಆಳ ಅಗೆದಾಗ ಶಿಲುಬೆಯ ಒಂದು ತುಂಡು ಸಿಕ್ಕಿತಂತೆ. 1823ರಲ್ಲಿ ಎಲ್ಲವನ್ನೂ ಜೋಡಿಸಿ ತಮ್ಮ ಮನೆಯ ತೋಟದಲ್ಲಿ ನಿಲ್ಲಿಸಿದರು. ಅಡ್ಡ ತೋಳು ಸಿಗದೇ ಇದ್ದುದರಿಂದ ಹಳ್ಳಿಯ ಕಲ್ಲುಕುಟಿಗನಿಂದ ಹೊಸದು ಮಾಡಿಸಿದರು.

ಕಲ್ಲಿನ ಮೇಲೆ ಲ್ಯಾಟಿನ್ ಬರಹವೂ ಇತ್ತು, ರೂನ್ ಎಂಬ ಹಳೆಯ ಲಿಪಿಯ ಬರಹವೂ ಇತ್ತು. ರೂನ್ ಬರಹದಲ್ಲಿ ಏನಿದೆ ಎಂಬುದು ಬಹುಕಾಲ ಬಗೆಹರಿದಿರಲಿಲ್ಲ. 1840ರಲ್ಲಿ ಕೆಂಬಲ್ ಎಂಬ ವಿದ್ವಾಂಸರು ಅದು ಹಳೆಯ ಇಂಗ್ಲಿಷಿನ ಕವಿತೆ ಎಂದು ತೋರಿಸಿದರು. ಶಿಲುಬೆ ತಾನೇ ತನ್ನ ಕಥೆ ಹೇಳಿಕೊಳ್ಳುವ ಕವಿತೆ. ಇಂಗ್ಲಿಷಿನ ಅತಿ ಹಳೆಯ ಕಾವ್ಯದ ಸಾಲುಗಳಲ್ಲಿ ಕೆಲವು ಇಂದು ಸ್ಕಾಟ್ಲೆಂಡಿನ ನೆಲದಲ್ಲಿವೆ. ಗಡಿಗೆರೆ ಮುಂದೆ ಬಂತು, ಭಾಷೆ ಮೊದಲೇ ಅಲ್ಲಿತ್ತು. ಮಹಾರಾಷ್ಟ್ರದ, ಆಂಧ್ರದ ಹಳ್ಳಿಗಳಲ್ಲಿ ಹಳಗನ್ನಡ ಶಾಸನಗಳ ಪಕ್ಕದಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಂಕನ್ ಅವರು 1839ರಲ್ಲಿ ಸ್ಕಾಟ್ಲೆಂಡಿನ ಚರ್ಚಿನ ಮಹಾಸಭೆಯ ಅಧ್ಯಕ್ಷರಾದರು. ಊರಿಗೆ ಪಾದ್ರಿಯನ್ನು ಜಮೀನ್ದಾರ ಆರಿಸಬೇಕೋ, ಜನ ಆರಿಸಬೇಕೋ ಎಂಬ ಜಗಳ ಬಲಿತು, 1843ರಲ್ಲಿ ನಾನೂರಕ್ಕೂ ಹೆಚ್ಚು ಪಾದ್ರಿಗಳು ಜನರ ಪಕ್ಷ ಹಿಡಿದು ಹೊರಬಂದರು. ಅವರಲ್ಲಿ ಡಂಕನ್ ಅವರೂ ಒಬ್ಬರು. ನಲವತ್ತನಾಲ್ಕು ವರ್ಷ ಬಾಳಿದ ಮನೆ, ಸಂಬಳ, ತೋಟ, ತೋಟದಲ್ಲಿ ತಾವೇ ನಿಲ್ಲಿಸಿದ ಶಿಲುಬೆ ಎಲ್ಲ ಬಿಟ್ಟು ನಡೆದರು. 1846ರಲ್ಲಿ ತೀರಿಕೊಂಡರು. ಇಳಿವಯಸ್ಸಿನಲ್ಲಿ ಅಷ್ಟನ್ನು ಬಿಟ್ಟು ಹೋಗುವುದು ಸಣ್ಣ ಮಾತಲ್ಲ.

ಶಿಲುಬೆಯನ್ನು 1887ರಲ್ಲಿ ಚರ್ಚಿನೊಳಗೆ ತಂದು ನಿಲ್ಲಿಸಿದರು. ಬ್ಯಾಂಕು ನಡೆದ ಆ ಸಣ್ಣ ಮನೆಯನ್ನು 1974ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಡಂಕನ್ ಅವರ ದಾರಿಯಲ್ಲಿ ಬೆಳೆದ ಉಳಿತಾಯ ಬ್ಯಾಂಕುಗಳಲ್ಲಿ ಬಹುಪಾಲು ಕಾಲಕ್ರಮದಲ್ಲಿ ಒಂದಾಗಿ ದೊಡ್ಡ ಬ್ಯಾಂಕಾದವು. ಅದೂ 1995ರಲ್ಲಿ ಇನ್ನೂ ದೊಡ್ಡದಾದ ಲಾಯ್ಡ್ಸ್ ಬ್ಯಾಂಕಿನ ಜೊತೆ ಸೇರಿತು. ನಿಮ್ಮ ಮಕ್ಕಳು ಮೊಮ್ಮಕ್ಕಳು ಓದಲು, ದುಡಿಯಲು ಆ ದೇಶಕ್ಕೆ ಹೋದರೆ ಎಡಿನ್‌ಬರೋ ಕೋಟೆಯನ್ನು ನೋಡಲಿ, ಬೇಡ ಎನ್ನುವುದಿಲ್ಲ. ಆದರೆ ಅರಸರ ಕೋಟೆ ನೋಡಿದ ಮೇಲೆ ಒಂದು ದಿನ ಉಳಿಸಿಕೊಂಡು ಡಮ್‌ಫ್ರೀಸಿನ ಕಡೆಗೂ ಹೋಗಿ ಬರಲಿ. ಕೂಲಿಕಾರರು ಆರು ಪೆನ್ನಿ ಹಿಡಿದು ಬಂದ ಊರನ್ನು ನೋಡಲಿ.

ನಮ್ಮಲ್ಲಿ 2014ರಿಂದ ಜನಧನ ಖಾತೆ ಬಂದು, ಒಂದು ಪೈಸೆ ಇಲ್ಲದೆಯೂ ಖಾತೆ ತೆಗೆಯುವಂತಾಯಿತು. ಒಳ್ಳೆಯದೇ ಆಯಿತು. ಆದರೆ ಕೌಂಟರಿನ ಆಚೆ ಕೂತವನು "ನಾಳೆ ಬರ್ರಿ" ಎಂದರೆ ಯಾವ ಕಾಯಿದೆಯೂ ಕೆಲಸಕ್ಕೆ ಬಾರದು. ಈ ಮಾತು ಕೇಳುತ್ತಿರುವ ಬ್ಯಾಂಕಿನ, ಪೋಸ್ಟಾಫೀಸಿನ ತರುಣರಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಸೆರಗಿನ ಗಂಟು ಬಿಚ್ಚುವವರು ಬಂದರೆ ಕೂಡ್ರಿಸಿ, ಫಾರ್ಮು ನೀವೇ ತುಂಬಿರಿ, ಚಿಲ್ಲರೆಯನ್ನು ಅವರ ಕಣ್ಣ ಮುಂದೆ ಎಣಿಸಿರಿ. ನಾನು ಎಣಿಸದೆ ಬಿಟ್ಟ ಆ ಗಂಟಿನಲ್ಲಿ ಎಷ್ಟಿತ್ತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.