ಜೀವಕೋಶದ ಮಟ್ಟದಲ್ಲಿ ಫ್ಲೋರೈಡ್



ಫ್ಲೋರೈಡ್ ಎಂದೊಡನೆ ನಮಗೆ ನೆನಪಾಗುವುದು ಪಾವಗಡ, ಮುಂಡರಗಿ, ಬಾಗೇಪಲ್ಲಿ ಸೀಮೆಯ ಕಂದುಗಟ್ಟಿದ ಹಲ್ಲುಗಳು, ಬಾಗಿದ ಬೆನ್ನುಗಳು. ನಮ್ಮ ದೇಶದಲ್ಲಿ ಈ ವ್ಯಾಧಿ ವೈದ್ಯರಿಂದ ಗುರುತಿಸಲ್ಪಟ್ಟದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಅದು ಬಯಲುಸೀಮೆಯವರ ಪಾಡು, ಮಲೆನಾಡಿಗರಿಗೆ ಅದರ ಚಿಂತೆಯೇಕೆ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಹಲ್ಲು, ಮೂಳೆಗಳಲ್ಲಿ ಕಾಣುವುದು ಬಹುಕಾಲದ ಪರಿಣಾಮ. ಅದರ ಆರಂಭ ಕಣ್ಣಿಗೆ ಕಾಣದ ಜೀವಕೋಶದಲ್ಲಿ.

ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಟ್ಟವರು ಬೂದುಬಣ್ಣದ ಮುಚ್ಚಳದ ಪುಟ್ಟ ನಳಿಕೆಯನ್ನು ನೋಡಿರಬಹುದು. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಜೀವಂತವಾಗಿದ್ದು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಹಾಗೆಯೇ ಬಿಟ್ಟರೆ ಫಲಿತಾಂಶ ತಪ್ಪಾಗುತ್ತದೆ. ಫ್ಲೋರೈಡ್ ಆ ಬಳಕೆಯನ್ನು ತಡೆಯುತ್ತದೆ. ಹೇಗೆ? ಸಕ್ಕರೆಯಿಂದ ಶಕ್ತಿ ಪಡೆಯುವ ಕ್ರಿಯಾಸರಣಿಯಲ್ಲಿ ಎನೊಲೇಸ್ ಎಂಬ ಕಿಣ್ವವಿದೆ. ಅದು ದುಡಿಯಲು ಮೆಗ್ನೀಸಿಯಂ ಬೇಕು. ಫ್ಲೋರೈಡು ಫಾಸ್ಫೇಟಿನೊಡನೆ ಕೂಡಿ ಆ ಮೆಗ್ನೀಸಿಯಂಗೆ ಅಂಟಿಕೊಂಡು ಕಿಣ್ವದ ಕೈ ಕಟ್ಟಿಹಾಕುತ್ತದೆ. ನಳಿಕೆಯಲ್ಲಿರುವ ಪ್ರಮಾಣ ಕುಡಿಯುವ ನೀರಿನ ಮಿತಿಗಿಂತ ನೂರಾರು ಪಟ್ಟು ಅಧಿಕ ಎಂಬುದನ್ನೂ ಹೇಳಿಬಿಡುತ್ತೇನೆ. ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ.

ಅಲ್ಪ ಪ್ರಮಾಣದ್ದು ಬೇರೊಂದು ದಾರಿಯಿಂದ ಕೆಡುಕು ಮಾಡುತ್ತದೆ. ಜಠರದ ಆಮ್ಲದಲ್ಲಿ ಅದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಇದಕ್ಕೆ ವಿದ್ಯುದಾವೇಶವಿಲ್ಲದ ಕಾರಣ ಕೋಶದ ಪೊರೆಯನ್ನು ಸುಲಭವಾಗಿ ದಾಟುತ್ತದೆ. ವಯಸ್ಕರಲ್ಲಿ ಹೀರಲ್ಪಟ್ಟದ್ದರ ಸುಮಾರು ಅರ್ಧ ಮೂತ್ರದಲ್ಲಿ ಹೋಗಿ, ಉಳಿದದ್ದು ಮೂಳೆಯಲ್ಲಿ ಶೇಖರವಾಗುತ್ತದೆ. ಬೆಳೆಯುವ ಮಕ್ಕಳಲ್ಲಿ ಉಳಿಯುವ ಪಾಲು ಇನ್ನೂ ಹೆಚ್ಚು. ಮಕ್ಕಳ ಒಸಡಿನೊಳಗೆ ಹಲ್ಲಿನ ಹೊರಕವಚವನ್ನು ಕಟ್ಟುವ ಕೋಶಗಳು ಮೊದಲು ಪ್ರೋಟೀನಿನ ಹಂದರವನ್ನು ಹಾಕಿ, ಬಳಿಕ ಅದನ್ನು ತೆಗೆದು ಆ ಜಾಗದಲ್ಲಿ ಖನಿಜವನ್ನು ತುಂಬಿಸುತ್ತವೆ. ಫ್ಲೋರೈಡ್ ಅತಿಯಾದರೆ ಹಂದರ ಸಕಾಲದಲ್ಲಿ ತೆರವಾಗದೆ ಕವಚ ಸರಂಧ್ರವಾಗುತ್ತದೆ. ಆ ಕಲೆ ಜೀವನಪರ್ಯಂತ ಮಾಯುವುದಿಲ್ಲ.

ಅನೇಕ ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಫ್ಲೋರೈಡನ್ನು ಹೊರದಬ್ಬುವ ಕಾಲುವೆಗಳಿವೆ. ಚಹಾ ಗಿಡ ಅದನ್ನು ಬಲಿತ ಎಲೆಗಳಿಗೆ ಸಾಗಿಸಿ ಕೂಡಿಡುತ್ತದೆ. (ಟಿಬೆಟಿನಲ್ಲಿ ಇಟ್ಟಿಗೆಯಾಕಾರದಲ್ಲಿ ಒತ್ತಿದ ಬಲಿತೆಲೆಯ ಚಹಾ ಕುಡಿದೇ ಜನರಿಗೆ ಫ್ಲೋರೋಸಿಸ್ ತಗುಲಿದ್ದುಂಟು.) ಮನುಷ್ಯನಿಗೆ ಮೂತ್ರಪಿಂಡವೇ ಮುಖ್ಯ ಆಸರೆ, ಅದು ದುರ್ಬಲವಾದವರಿಗೆ ಅಪಾಯ ಹೆಚ್ಚು.

ಇನ್ನು ನಮ್ಮ ಊರಿನ ಮಾತು. ನಮ್ಮ ಅಬ್ಬಿ ನೀರು, ಒರತೆ, ತೆರೆದ ಬಾವಿಗಳಲ್ಲಿ ಇರುವುದು ಇತ್ತೀಚಿನ ಮಳೆಯ ನೀರು. ಬಂಡೆಯೊಡನೆ ಅದರ ಸಹವಾಸ ಅಲ್ಪಕಾಲದ್ದು. ಗ್ರಾನೈಟ್, ನೈಸ್ ಶಿಲೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು, ಅದರಲ್ಲೂ ಸುಣ್ಣದಂಶ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಅಧಿಕವಾಗಿರುವ ನೀರು, ಶಿಲೆಯ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕಾಡು ಬೋಳಾಗಿ ಒರತೆ ಬತ್ತಿದಾಗ ನಾವು ಕೊಳವೆಬಾವಿಗೆ ಕೈಚಾಚುತ್ತೇವೆ; ಆಗ ಕುಡಿಯುವುದು ಬೇರೆಯದೇ ನೀರು. ಮಲೆನಾಡಿನ ಎಲ್ಲ ಕೊಳವೆಬಾವಿಗಳೂ ವಿಷವೆಂದು ನಾನು ಹೇಳುತ್ತಿಲ್ಲ. ಪರೀಕ್ಷಿಸದೆ ಕುಡಿಯುವುದು ಸಲ್ಲದು ಎನ್ನುತ್ತೇನೆ.

ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರು ಇಲ್ಲದಿದ್ದಲ್ಲಿ ಮಾತ್ರ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗದು; ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಬಣ್ಣ, ರುಚಿ, ವಾಸನೆಗಳಿಂದಲೂ ತಿಳಿಯದು. ಪರೀಕ್ಷೆಗೆ ನೀರು ಒಯ್ಯುವವರು ಅದೇ ನೀರಿನಲ್ಲಿ ಎರಡು ಮೂರು ಬಾರಿ ತೊಳೆದ ಪ್ಲಾಸ್ಟಿಕ್ ಬಾಟಲಿಯನ್ನು ಬಳಸಿರಿ, ಗಾಜಿನದು ಬೇಡ. ಪಂಪನ್ನು ಸ್ವಲ್ಪ ಹೊತ್ತು ಓಡಿಸಿದ ಬಳಿಕವೇ ನೀರು ತುಂಬಿ, ಬಾವಿಯ ಆಳವನ್ನೂ ದಿನಾಂಕವನ್ನೂ ಬಾಟಲಿಯ ಮೇಲೆ ಬರೆಯಿರಿ.