ಒಡೆದ ಮಡಕೆಯ ಸಾಕ್ಷ್ಯ



ಬೆಂಗಳೂರು ಕಂಟೋನ್ಮೆಂಟಿನಲ್ಲಿ ಪಾಟರಿ ಟೌನ್ ಎಂಬ ಕುಂಬಾರರ ಕೇರಿಯೊಂದಿದೆ. ಆವಿಗೆಗೆ ಗಾಳಿ ಧಾರಾಳವಾಗಿ ಹೊಕ್ಕರೆ ಮಡಕೆ ಕೆಂಪಾಗುವುದು, ಗಾಳಿಯನ್ನು ತಡೆದು ಹೊಗೆಯನ್ನು ಒಳಗೇ ಕಟ್ಟಿದರೆ ಕಪ್ಪಾಗುವುದು. ಕುಂಬಾರನಾದವನು ಇದನ್ನು ಬಲ್ಲನು. ಮಣ್ಣಿನ ಈ ಗುಣವನ್ನೇ ನೆಚ್ಚಿ ಪ್ರಾಚೀನ ಗ್ರೀಕರು ತಮ್ಮ ಜಗತ್ಪ್ರಸಿದ್ಧ ಚಿತ್ರಭಾಂಡಗಳನ್ನು ನಿರ್ಮಿಸಿದರು.

ದ್ರಾಕ್ಷಾಮದ್ಯವನ್ನು ನೀರು ಬೆರೆಸದೆ ಕುಡಿಯುವುದು ಗ್ರೀಕರಲ್ಲಿ ಅನಾಗರಿಕವೆನಿಸಿದ್ದಿತು. ಬೆರೆಸುವುದಕ್ಕಾಗಿ ಅವರು ಬಳಸುತ್ತಿದ್ದ ಅಗಲಬಾಯಿಯ ದೊಡ್ಡ ಪಾತ್ರೆಗೆ ಕ್ರಾಟೇರ್ ಎಂದು ಹೆಸರು. ನುಣ್ಣನೆಯ ಮಣ್ಣಿನ ತಿಳಿಯಿಂದ ಅದರ ಮೇಲೆ ಚಿತ್ರ ಬರೆದು, ಮೊದಲು ಗಾಳಿಯಾಡಿಸಿ, ಬಳಿಕ ಹೊಗೆಯಲ್ಲಿ ಮುಚ್ಚಿ, ಕಡೆಗೆ ಮತ್ತೆ ಗಾಳಿ ಬಿಟ್ಟು ಸುಡುತ್ತಿದ್ದರು. ತಿಳಿ ಬಳಿದೆಡೆ ಕಪ್ಪು ನಿಲ್ಲುವುದು. ಉಳಿದೆಡೆ ಕೆಂಪು ಮರಳುವುದು.

ಈಗ ನಮ್ಮ ನಾಡನ್ನು ನೋಡೋಣ. ಕೃಷ್ಣರಾಜಪುರವನ್ನು ದಾಟಿ ಪೂರ್ವಕ್ಕೆ ಹೋದರೆ ಹೊಸಕೋಟೆ ಸೀಮೆಯ ಜಡಿಗೇನಹಳ್ಳಿ. ಅಲ್ಲಿನ ಬೃಹಚ್ಛಿಲಾ ಸಮಾಧಿಗಳನ್ನು 1950ರ ದಶಕದಲ್ಲಿ ಅಗೆದು ನೋಡಿದರು. ಇಂತಹ ಸಮಾಧಿಗಳ ವಿಶಿಷ್ಟ ಮಡಕೆಗಳು ಒಳಗೂ ಅಂಚಿನಲ್ಲೂ ಕಪ್ಪು, ಹೊರಗೆ ಕೆಂಪು. ಬೋರಲಾಗಿಟ್ಟು ಸುಟ್ಟುದರಿಂದ ಹೀಗಾಯಿತೆಂದು ಬಹುಮಂದಿ ವಿದ್ವಾಂಸರ ಮತ. ಚಿತ್ರವಿಲ್ಲದಿದ್ದರೂ ಇದರ ಹಿಂದಿನ ಅಗ್ನಿವಿದ್ಯೆ ಗ್ರೀಕರದಕ್ಕೆ ಬಂಧುವೇ ಸರಿ.

ಇಂತಹ ಪಾತ್ರೆಗಳಿಂದ ಚರಿತ್ರೆ ತಿಳಿಯುವುದು ಹೇಗೆ? ಇಟಲಿಯ ಕಿಯೂಸಿಯ ಬಳಿ 1844ರಲ್ಲಿ ಅಲೆಸ್ಸಾಂದ್ರೋ ಫ್ರಾಂಸ್ವಾ ಎಂಬಾತನಿಗೆ ಒಂದು ಕ್ರಾಟೇರಿನ ಚೂರುಗಳು ದೊರೆತುವು. ಮಾಡಿದವನು ಎರ್ಗೋಟಿಮೋಸ್, ಬರೆದವನು ಕ್ಲೈಟಿಯಾಸ್ ಎಂದು ಪಾತ್ರೆಯೇ ಹೇಳುತ್ತದೆ. ಕಾಲ ಸುಮಾರು ಕ್ರಿ. ಪೂ. 570. 1900ರಲ್ಲಿ ಫ್ಲಾರೆನ್ಸಿನ ವಸ್ತುಸಂಗ್ರಹಾಲಯದಲ್ಲಿ ಅದು ಮತ್ತೆ 638 ಚೂರಾಯಿತು. ಚೂರುಗಳನ್ನು ಕೂಡಿಸಿ ಅದನ್ನು ಪುನಃ ನಿಲ್ಲಿಸಿದರು. ಹೆಸರು ಬರೆಯದ ಚಿತ್ರಗಾರರನ್ನೂ ಕಿವಿ, ಕಾಲ್ಗಂಟುಗಳ ರೇಖೆಯಿಂದಲೇ ಗುರುತಿಸುವ ಕ್ರಮವನ್ನು ಆಕ್ಸ್‌ಫರ್ಡಿನ ಬೀಜ್ಲಿಯವರು ಬೆಳೆಸಿದರು.

ನಮ್ಮಲ್ಲಿ ಸಹಿಯಿಲ್ಲ, ಪದರವೇ ಸಾಕ್ಷಿ. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ವೀಲರ್ ಸಾಹೇಬರು ಕಾಲ ಗೊತ್ತಿದ್ದ ಇಟಲಿಯ ಮಡಕೆಗಳ ನೆರವಿನಿಂದ ಜೊತೆಯ ಮಡಕೆಗಳಿಗೆ ಕಾಲ ಕಟ್ಟಿದರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಂಥವೇ ಚೂರುಗಳೂ, ಬಿಳಿಯ ಗೆರೆಗಳ ಚಿತ್ರವುಳ್ಳ ಕಂದುಗೆಂಪು ಮಡಕೆಗಳೂ ಸಿಕ್ಕಿದುವು. ಅವುಗಳಿಂದ ಕೆಳಕೆಳಗಿನ ಪದರಗಳಿಗೆ ಕಾಲವನ್ನು ಎಣಿಸಿ, ಅಲ್ಲಿನ ಕಲ್ಗೊಡಲಿಯ ಜನರು ಕ್ರಿ. ಪೂ. ಮೊದಲ ಸಹಸ್ರಮಾನದವರೆಂದು ಅವರು ಬಗೆದರು. ಅನಂತರದ ಇಂಗಾಲ-14 ಪರೀಕ್ಷೆಗಳು ಕರ್ನಾಟಕದ ನವಶಿಲಾಯುಗವನ್ನು ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದುವು. ಲೆಕ್ಕವನ್ನು ತಿದ್ದಲು ಸಾಧ್ಯವಾದುದು ಪದರಗಳ ದಾಖಲೆ ಉಳಿದಿದ್ದುದರಿಂದ.

ಪೂರ್ವ ಬೆಂಗಳೂರಿನ ನೆಲದಲ್ಲಿ ಪಾಯಗಳು ಬಿಡುವಿಲ್ಲದೆ ಅಗೆಯಲ್ಪಡುತ್ತಿವೆ. ಕಪ್ಪು-ಕೆಂಪಿನ ಚೂರುಗಳು ಕಂಡಲ್ಲಿ ಗುದ್ದಲಿಯನ್ನು ನಿಲ್ಲಿಸಿ, ಚೂರನ್ನು ಇದ್ದಲ್ಲಿಯೇ ಬಿಟ್ಟು, ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಚೂರು ಎತ್ತಿಟ್ಟರೆ ಉಳಿದೀತು. ಅದು ಮಲಗಿದ್ದ ಪದರ ಒಮ್ಮೆ ಕಲಕಿದರೆ ಮತ್ತೆ ಕೂಡದು.